ನರ್ಸಮ್ಮನ ಕೈತುತ್ತು

ನಮ್ಮೂರಿನಲ್ಲಿ ತಿನ್ನುವುದನ್ನಾಗಲಿ ಕುಡಿಯುವುದನ್ನಾಗಲಿ ಯಾರೂ ಯಾರಿಗೂ ಕೈಯಿಂದ ಕೈಗೆ ಕೊಡುತ್ತಿರಲಿಲ್ಲ. ಪ್ರತಿ ಮನೆಯಲ್ಲೂ ಅಡುಗೆಮನೆಯ ಬಾಗಿಲ ಪಕ್ಕ ಸೊಂಟದೆತ್ತರಕ್ಕೆ ಒಂದು ಚಪ್ಪಡಿ ಇರುತ್ತಿತ್ತು, ಅದರ ಹೆಸರು ಇಡುಗಲ್ಲು. ಕಾಫಿ ಮಾಡಿದವರು ಲೋಟವನ್ನು ಅದರ ಮೇಲಿಟ್ಟು ಹಿಂದೆ ಸರಿದು ನಿಲ್ಲಬೇಕು. ಕುಡಿಯುವವರು ಆಮೇಲೆ ಬಂದು ಎತ್ತಿಕೊಳ್ಳಬೇಕು. ಕಲ್ಲು ಮುಟ್ಟಿ ಬಂದ ಕಾಫಿ ಬರೀ ಕಾಫಿ. ಕೈಯಿಂದ ನೇರವಾಗಿ ಬಂದದ್ದಾದರೆ ಅದರೊಳಗೆ ಇನ್ನೊಂದು ರುಚಿ ಸೇರಿಕೊಳ್ಳುತ್ತಿತ್ತು. ಪ್ರೀತಿಯಿಂದ ಕೊಟ್ಟರೆ ಸಿಹಿ, ಹೆದರಿ ಕೊಟ್ಟರೆ ಉಪ್ಪು, ಜಂಬಕ್ಕೆ ಕೊಟ್ಟರೆ ಹುಳಿ, ಒಳಗೆ ದ್ವೇಷವಿಟ್ಟುಕೊಂಡು ಕೊಟ್ಟರೆ ಹಾಗಲಕಾಯಿ ಅಗಿದ ಹಾಗೆ ಕಹಿ. ಹಾಗೆಂದು ನಮ್ಮ ಅಜ್ಜಿಯರು ಹೇಳಿದ್ದರು, ನಾವೂ ನಂಬಿದ್ದೆವು. ತನ್ನ ನಾಲಿಗೆಯ ಮೇಲೆಯೇ ಯಾರಿಗಾದರೂ ಅನುಮಾನ ಬರುತ್ತದೆಯೇ?

ಊರು ಇದಕ್ಕೆ ಚೆನ್ನಾಗಿಯೇ ಒಗ್ಗಿಕೊಂಡಿತ್ತು. ಮದುವೆಯಲ್ಲಿ ಹೆಣ್ಣುಗಂಡು ಒಬ್ಬರಿಗೊಬ್ಬರು ಲಾಡು ತಿನ್ನಿಸುವ ಶಾಸ್ತ್ರ ನಮ್ಮಲ್ಲಿರಲಿಲ್ಲ. ಒಂದು ಸಲ ಹೊರಗಿನಿಂದ ಬಂದ ಗಂಡಿನ ಕಡೆಯವರು ಹಟ ಮಾಡಿ ತಿನ್ನಿಸಿದರು. ಊಟಕ್ಕೆ ಎಲೆ ಹಾಕುವಷ್ಟರಲ್ಲಿ ಎರಡೂ ಕಡೆಯವರು ಗಂಟುಮೂಟೆ ಕಟ್ಟಿದ್ದರು. ದೇವಸ್ಥಾನದಲ್ಲಿ ಪೂಜಾರಿಯೂ ತೀರ್ಥದ ಬಟ್ಟಲನ್ನು ಕಲ್ಲಿನ ಮೇಲಿಟ್ಟೇ ಹಿಂದೆ ಸರಿಯುತ್ತಿದ್ದ, ಜಾಣ. ಅಣ್ಣತಮ್ಮಂದಿರು ಕಿತ್ತಾಡಿದರೆ ಮಾತ್ರ ಪಂಚಾಯಿತಿ ಕಟ್ಟೆಯ ಮೇಲೆ ಒಬ್ಬನ ಕೈಯಿಂದ ಇನ್ನೊಬ್ಬನಿಗೆ ನೀರು ಕುಡಿಸುತ್ತಿದ್ದರು. ಕುಡಿದವನು ಮುಖ ಹಿಂಡಿದರೆ ಕೊಟ್ಟವನದ್ದೇ ತಪ್ಪು, ಅಲ್ಲಿಗೆ ನ್ಯಾಯ ಮುಗಿಯಿತು. ಹಸುಗೂಸುಗಳಿಗೆ ಮಾತ್ರ ಯಾರು ಕೊಟ್ಟರೂ ಸಿಹಿ. ಕೂಸಿನ ಮೇಲೆ ಯಾರಿಗೆ ತಾನೇ ದ್ವೇಷವಿರುತ್ತದೆ ಎಂದು ನಾವು ಅದಕ್ಕೆ ಅರ್ಥ ಹಚ್ಚಿಕೊಂಡಿದ್ದೆವು.

ನಾನು ರವಿಕೆ ಹೊಲಿಯುವ ಸಾವಂತ್ರಿ. ನನ್ನ ಮನೆಗೂ ನೀಲಕ್ಕನ ಮನೆಗೂ ನಡುವೆ ಒಂದೇ ಗೋಡೆ. ಅವರ ಮನೆಯ ಒಗ್ಗರಣೆಗೆ ನಾನು ಸೀನುತ್ತಿದ್ದೆ. ಹಾಗಾಗಿ ಈಗ ಹೇಳುವುದೆಲ್ಲ ನಾನೇ ಕಂಡದ್ದು, ಇಲ್ಲವೇ ನೀಲಕ್ಕ ನನ್ನ ಹೊಲಿಗೆ ಮೆಷಿನ್ನಿನ ಪಕ್ಕ ಕೂತು ಹೇಳಿದ್ದು. ಅವಳ ಗಂಡ ಮರಿಸಿದ್ದಪ್ಪ ಹಿಟ್ಟಿನ ಮಿಲ್ಲು ನಡೆಸುತ್ತಿದ್ದ. ದಪ್ಪ ಮೀಸೆ, ಹುಬ್ಬಿನ ಮೇಲೆಲ್ಲ ಹಿಟ್ಟು, ಮಾತು ಕಡಿಮೆ. ಮಕ್ಕಳಿರಲಿಲ್ಲ. ಅವಳು ಕಲ್ಲಿನ ಮೇಲೆ ಇಡುತ್ತಿದ್ದಳು, ಅವನು ಎತ್ತಿಕೊಳ್ಳುತ್ತಿದ್ದ, ಸಂಸಾರ ನಡೆಯುತ್ತಿತ್ತು. ನಡುವೆ ಒಂದೇ ಒಂದು ಗಾಯವಿತ್ತು. ನೀಲಕ್ಕನ ತಂಗಿ ಹೊನ್ನಮ್ಮ, ಗಂಡ ಸತ್ತ ಮೇಲೆ ಅತ್ತೆಮನೆಯವರು ಹೊರಹಾಕಿದ್ದಕ್ಕೆ ಒಂದು ಟ್ರಂಕು ಹಿಡಿದು ಅಕ್ಕನ ಮನೆಗೆ ಬಂದಿದ್ದಳು. ನೀಲಕ್ಕ ಅವತ್ತು ಮನೆಯಲ್ಲಿರಲಿಲ್ಲ. ಮರಿಸಿದ್ದಪ್ಪ ಹೊಸ್ತಿಲಲ್ಲೇ ನಿಂತು, “ಇಲ್ಲಿ ಜಾಗ ಇಲ್ಲ ಕಣಮ್ಮ” ಎಂದು ಕದ ಹಾಕಿಕೊಂಡ. ಹೊನ್ನಮ್ಮ ಅಲ್ಲಿಂದ ಎಲ್ಲೆಲ್ಲಿ ಅಲೆದಳೋ, ಯಾವುದೋ ಊರಿನ ಛತ್ರದಲ್ಲಿ ಜ್ವರ ಬಂದು ಸತ್ತಳೆಂಬ ಸುದ್ದಿ ಮಾತ್ರ ಕೆಲವು ತಿಂಗಳಾದ ಮೇಲೆ ಬಂತು. ನೀಲಕ್ಕ ಅತ್ತಳು, ತಿಥಿ ಮಾಡಿದಳು, ಗಂಡನಿಗೆ ಒಂದು ಮಾತೂ ಅನ್ನಲಿಲ್ಲ. ನಾನಾಗಿದ್ದರೆ ಒನಕೆ ಹಿಡಿದಿರುತ್ತಿದ್ದೆ.

ಇದಾಗಿ ಎಷ್ಟೋ ವರ್ಷಗಳ ಮೇಲೆ ಮರಿಸಿದ್ದಪ್ಪನಿಗೆ ಲಕ್ವ ಹೊಡೆಯಿತು. ಬಲಭಾಗ ಪೂರ್ತಿ ಬಿದ್ದುಹೋಯಿತು. ಎಡಗೈ ಎತ್ತಿದರೆ ಅರ್ಧಕ್ಕೇ ನಡುಗಿ ಕೆಳಗೆ ಬೀಳುತ್ತಿತ್ತು. ಮಾತು ತೊದಲಿದರೂ ಅರ್ಥವಾಗುತ್ತಿತ್ತು. ಕಲ್ಲಿನ ಮೇಲೆ ಇಟ್ಟದ್ದನ್ನು ಎತ್ತಿಕೊಳ್ಳುವ ಗಂಡಸು ಇನ್ನಿರಲಿಲ್ಲ, ಬಾಯಿಗೇ ಇಡಬೇಕಾಯಿತು. ನೋಡಲು ಬಂದಿದ್ದ ಓಣಿಯ ಹೆಂಗಸರೆಲ್ಲ ಮಂಚದ ಸುತ್ತ ನಿಂತಿದ್ದೆವು. ನೀಲಕ್ಕ ಮೆತ್ತಗೆ ಬೇಯಿಸಿದ ಅನ್ನಕ್ಕೆ ಸಾರು ಕಲಸಿ, ಸಣ್ಣ ತುತ್ತು ಮಾಡಿ, ಅವನ ಬಾಯಿಗಿಟ್ಟಳು. ಮರಿಸಿದ್ದಪ್ಪ ಒಂದು ಸಲ ಅಗಿದ. ಮುಖ ಕಿವುಚಿದ, ಕಣ್ಣಲ್ಲಿ ನೀರು ಬಂತು. ಥೂ ಎಂದು ಎಲ್ಲವನ್ನೂ ಅವಳ ಮಡಿಲಿಗೇ ಉಗುಳಿದ.

“ಕಹಿ! ಬೇವಿಗಿಂತ ಕಹಿ!”

ನಾವು ಒಬ್ಬೊಬ್ಬರಾಗಿ ಹೊರಗೆ ಜಾರಿಕೊಂಡೆವು. ಮಾತೆಲ್ಲ ಹೊರಗೆ ಬಂದ ಮೇಲೆ ಶುರುವಾಯಿತು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗಿತ್ತು. ಇಷ್ಟು ವರ್ಷ ತಲೆ ತಗ್ಗಿಸಿಕೊಂಡು ಸಂಸಾರ ಮಾಡಿದವಳ ಹೊಟ್ಟೆಯೊಳಗೆ ಇದಿತ್ತೇ ಎಂದು ಮೂಗಿನ ಮೇಲೆ ಬೆರಳಿಟ್ಟರು. ಆಮೇಲೆ ಅರಿಶಿನ ಕುಂಕುಮಕ್ಕೆ ಅವಳನ್ನು ಕರೆಯುವುದು ನಿಂತಿತು. ಹಾಲಿನವಳು ಹಾಲು ಅಳೆದು ಕಲ್ಲಿನ ಮೇಲಿಟ್ಟು ಮುಖ ಕೊಡದೆ ಹೋಗತೊಡಗಿದಳು. ಮರಿಸಿದ್ದಪ್ಪನಂತೂ ಅವಳ ಕೈಯ ತುತ್ತು ಕಂಡರೆ ಹಲ್ಲು ಕಚ್ಚಿಕೊಂಡು ಮುಖ ತಿರುಗಿಸುತ್ತಿದ್ದ. ದಿನಕ್ಕೊಂದು ಸಲ ನಾನು ಹೋಗಿ ತಿನ್ನಿಸುತ್ತಿದ್ದೆ. ನನ್ನ ಕೈಯದು ಸ್ವಲ್ಪ ಹುಳಿ ಅಂದ. ನನಗೇಕೆ ಜಂಬ ಎಂದು ಒಳಗೇ ಉರಿದುಕೊಂಡೆ. ಆದರೆ ಹೊಲಿಗೆ ಬಿಟ್ಟು ಮೂರು ಹೊತ್ತೂ ಹೋಗಿ ಕೂರಲು ನನಗೆಲ್ಲಿ ಆಗುತ್ತದೆ? ಅವನ ಕೆನ್ನೆಯ ಮೂಳೆ ಎದ್ದು ಕಾಣತೊಡಗಿತು. ಕಣ್ಣೆದುರು ಅನ್ನವಿದ್ದೂ ಅವನು ಒಣಗುತ್ತಿದ್ದ.

ನೀಲಕ್ಕ ಒಂದು ದಿನ ಬಂದು ನನ್ನ ಮೆಷಿನ್ನಿನ ಪಕ್ಕ ಕೂತಳು.

“ನನ್ನೊಳಗೆ ಏನೈತೆ ಸಾವಂತ್ರಿ? ಎಷ್ಟು ಹುಡುಕಿದ್ರೂ ಒಂದೇ ಸಿಕ್ತದೆ. ಅವರು ಬಿದ್ದ ಗಳಿಗೇಲಿ ನಂಗೆ ಹೊನ್ನಿ ನೆನಪಾದ್ಲು. ಒಂದೇ ಗಳಿಗೆ ಕಣೆ. ಆಮೇಲೆ ಓಡೋಗಿ ಎತ್ತಿದೆ. ಆ ಒಂದು ಗಳಿಗೇನೇ ಇಷ್ಟು ಕಹಿ ಆಗೋದಾ?”

“ಆಗ್ತದೇನೋ ಅಕ್ಕ” ಅಂದೆ. ನನಗೂ ಹಾಗೇ ಗೊತ್ತಿತ್ತು.

ಅವಳು ಸೋಮವಾರ, ಶನಿವಾರ ಉಪವಾಸ ಹಿಡಿದಳು. ಅವನು ತಿನ್ನದ ದಿನ ತಾನೂ ತಿನ್ನಲಿಲ್ಲ. ಮನಸ್ಸನ್ನು ಪಾತ್ರೆ ತಿಕ್ಕಿದ ಹಾಗೆ ತಿಕ್ಕಿ, ಹೊನ್ನಮ್ಮನ ನೆನಪನ್ನೇ ಕಿತ್ತು ಹಾಕಲು ನೋಡಿದಳು. ತಂಗಿಯ ಒಂದೇ ಒಂದು ಫೋಟೋ ಗೋಡೆಯ ಮೇಲಿತ್ತು, ಅದನ್ನೂ ಇಳಿಸಿ ಅಟ್ಟಕ್ಕೆ ಹಾಕಿದಳು. ಮತ್ತೆ ಕೈ ತೊಳೆದು ತುತ್ತು ಮಾಡಿ ಹಿಡಿದಳು. ಅವನು ಮತ್ತೆ ಉಗುಳಿದ.

ಆ ದಿನಗಳಲ್ಲೇ ವಿಶ್ವವಿದ್ಯಾಲಯದಿಂದ ವಿಭಾವರಿ ಎಂಬ ಮೇಡಂ ಬಂದು ನಮ್ಮೂರ ಶಾಲೆಯಲ್ಲಿ ಇಳಿದುಕೊಂಡಳು. ಹೆಸರಿನ ಮುಂದೆ ಡಾಕ್ಟರ್ ಎಂದಿತ್ತು, ಆದರೆ ಸೂಜಿ ಚುಚ್ಚುವ ಡಾಕ್ಟರಲ್ಲ. ಮನುಷ್ಯರು ಒಳ್ಳೆಯದನ್ನು ಯಾಕೆ ಮಾಡುತ್ತಾರೆ, ಕೆಟ್ಟದ್ದಕ್ಕೆ ಯಾಕೆ ಹಿಂಜರಿಯುತ್ತಾರೆ ಎಂದು ಕಂಡುಹಿಡಿಯುವುದು ಅವಳ ಕೆಲಸವಂತೆ. ಮನೆಮನೆಗೂ ಬಂದು ಪ್ರಶ್ನೆ ಕೇಳಿದಳು. ಹೊಳೆಯಲ್ಲಿ ನಿಮ್ಮ ಅಕ್ಕನೂ ಒಬ್ಬ ಅಪರಿಚಿತನೂ ಮುಳುಗುತ್ತಿದ್ದರೆ ಯಾರನ್ನು ಉಳಿಸುತ್ತೀರಿ ಎಂದು ನನ್ನನ್ನು ಕೇಳಿದಳು. “ನಂಗೆ ಈಜು ಬರಲ್ಲಮ್ಮ” ಅಂದೆ. ನಕ್ಕಳು. ಒಳ್ಳೆಯ ಹುಡುಗಿಯೇ, ಅದರಲ್ಲಿ ಅನುಮಾನವಿಲ್ಲ.

ಪ್ರಶ್ನೆ ಮುಗಿದ ಮೇಲೆ ಶಾಲೆಯ ಕೋಣೆಯಲ್ಲಿ ಒಂದು ಪರದೆ ಕಟ್ಟಿದಳು. ಪರದೆಯಲ್ಲೊಂದು ತೂತು, ತೂತಿನಿಂದ ಒಂದು ಕೈ ನೀರಿನ ಲೋಟ ಚಾಚುತ್ತಿತ್ತು. ಇತ್ತ ಕೂತವರು ಕುಡಿದು ರುಚಿ ಹೇಳಬೇಕು. ಅಣ್ಣನ ಕೈ ಎಂದು ಹೇಳಿ ಗುರುತಿಲ್ಲದವರಿಂದ ಕೊಡಿಸುತ್ತಿದ್ದಳು, ಗುರುತಿಲ್ಲದವರು ಎಂದು ಹೇಳಿ ಅಣ್ಣನಿಂದಲೇ ಕೊಡಿಸುತ್ತಿದ್ದಳು. ನಮಗೆ ಅದೊಂದು ಆಟವಾಗಿತ್ತು. ಅವಳ ಮುಖ ಮಾತ್ರ ದಿನದಿಂದ ದಿನಕ್ಕೆ ಅರಳುತ್ತಿತ್ತು. ನೀಲಕ್ಕನ ಕಥೆ ಕಿವಿಗೆ ಬಿದ್ದದ್ದೇ ತಡ, ನೇರವಾಗಿ ಅವಳ ಮನೆಗೆ ಬಂದಳು.

“ಒಂದು ಪರೀಕ್ಷೆ ಮಾಡೋಣ ನೀಲಮ್ಮನವರೇ. ನಿಮ್ಮ ಯಜಮಾನರು ಹೊಟ್ಟೆ ತುಂಬಾ ಊಟ ಮಾಡಬಹುದು. ಒಪ್ಪಿಗೆಯಾ?”

ಊಟ ಎಂದ ಮೇಲೆ ನೀಲಕ್ಕ ಯಾವುದಕ್ಕಾದರೂ ಒಪ್ಪುತ್ತಿದ್ದಳು. ಮೇಡಂ ಹೇಳಿದಂತೆ ಬಳೆಗಳನ್ನು ಮೊಣಕೈವರೆಗೆ ಏರಿಸಿ ಸದ್ದಾಗದಂತೆ ಬಟ್ಟೆ ಸುತ್ತಿಕೊಂಡಳು. ಆಸ್ಪತ್ರೆ ವಾಸನೆಯ ಸೋಪಿನಲ್ಲಿ ಕೈ ತೊಳೆದಳು. ಮೇಡಂ ಮರಿಸಿದ್ದಪ್ಪನಿಗೆ, “ಊಟದ ಹೊತ್ತಲ್ಲಿ ಕಣ್ಣಿಗೆ ಬೆಳಕು ಬೀಳಬಾರದು” ಎಂದು ಬಟ್ಟೆ ಕಟ್ಟಿದಳು. ಡಾಕ್ಟರ್ ಹೇಳಿದ್ದಾರೆಂದು ಅವನೂ ಸುಮ್ಮನೆ ಕಟ್ಟಿಸಿಕೊಂಡ.

“ಈಗ ದೊಡ್ಡಾಸ್ಪತ್ರೆಯಿಂದ ಬಂದ ನರ್ಸಮ್ಮ ತಿನ್ನಿಸ್ತಾರೆ. ಅವರು ಮಾತಾಡಲ್ಲ.”

ನೀಲಕ್ಕ ತುತ್ತಿಟ್ಟಳು. ಅವನು ಅಗಿದ. ನಾನು ಮಂಚದ ಪಕ್ಕದಲ್ಲೇ ನಿಂತಿದ್ದೆ. ನುಂಗಿದ. ಮತ್ತೆ ಬಾಯಿ ತೆರೆದ. ಗುಬ್ಬಿ ಮರಿಯ ಹಾಗೆ ತೆರೆದ ಬಾಯಿ ಮುಚ್ಚಲೇ ಇಲ್ಲ. ತಟ್ಟೆಯಲ್ಲಿದ್ದ ಅರ್ಧ ಅನ್ನ ಕರಗಿತು.

“ಸಿಹಿ ಐತೆ ತಾಯಿ” ಅಂದ. “ನಿನ್ನ ಕೈ ತಣ್ಣಗಿರ್ಲಿ. ಯಾವ ಪುಣ್ಯಾತ್ಮರ ಮಗಳೋ.”

ನೀಲಕ್ಕನ ಮುಖ ಆಗ ಬೆಳಗಿತು. ಮದುವೆಯ ಹೊಸದರಲ್ಲೂ ಅವಳು ಹಾಗೆ ಕಂಡದ್ದು ನನಗೆ ನೆನಪಿಲ್ಲ. ಮೇಡಂ ಅಷ್ಟಕ್ಕೆ ನಿಲ್ಲಿಸಬಾರದಿತ್ತೇ? ನಿಲ್ಲಿಸಲಿಲ್ಲ. “ಈಗ ನಿಮ್ಮ ಹೆಂಡತಿ ತಿನ್ನಿಸ್ತಾರೆ” ಎಂದು ಹೇಳಿ, ಅದೇ ತಟ್ಟೆಯಿಂದ ತಾನೇ ಒಂದು ತುತ್ತು ಕಲಸಿ ಅವನ ಬಾಯಿಗಿಟ್ಟಳು. ಅವನು ಮುಖ ಕಿವುಚಿದ. ಥೂ ಎಂದು ಮೇಡಂನ ಸೀರೆಯ ಮೇಲೆ ಉಗುಳಿದ.

“ಕಹಿ! ಅವಳನ್ನ ಆಚೆಗೆ ಕಳಿಸಿ!”

ಮೇಡಂ ಸೀರೆಯನ್ನೂ ಒರೆಸಿಕೊಳ್ಳದೆ ನಮ್ಮಿಬ್ಬರನ್ನು ಹಿತ್ತಲಿಗೆ ಎಳೆದುಕೊಂಡು ಬಂದಳು. ಖುಷಿಗೆ ಅವಳ ಕಾಲು ನೆಲದ ಮೇಲಿರಲಿಲ್ಲ. ರುಚಿ ಕೊಡುವವರ ಮನಸ್ಸಿನದಲ್ಲ, ತೆಗೆದುಕೊಳ್ಳುವವರದು ಎಂದಳು. ಎದುರಿನವರ ಬಗ್ಗೆ ನಾವು ಏನೆಂದುಕೊಂಡಿರುತ್ತೇವೋ ಅದೇ ನಮ್ಮ ನಾಲಿಗೆಗೆ ಬರುತ್ತದೆ. ಕೂಸುಗಳಿಗೆ ಇನ್ನೂ ಯಾರ ಮೇಲೂ ಅನುಮಾನವಿಲ್ಲ, ಅದಕ್ಕೇ ಅವಕ್ಕೆ ಎಲ್ಲವೂ ಸಿಹಿ.

“ಅಂದ್ರೆ ನಿಮ್ಮಲ್ಲಿ ಏನೂ ದೋಷ ಇಲ್ಲ ನೀಲಮ್ಮನವರೇ! ಕಹಿ ಅವರದ್ದು. ನೀವು ನೆಮ್ಮದಿಯಾಗಿರಬಹುದು.”

ನೀಲಕ್ಕ ಬಾವಿಕಟ್ಟೆಯ ಮೇಲೆ ಕೂತುಬಿಟ್ಟಳು.

“ನೆಮ್ಮದಿ ಎಲ್ಲಿಂದ ಬರ್ತದಮ್ಮ? ದೋಷ ನನ್ನದಾಗಿದ್ರೆ ತಿದ್ಕೋಬಹುದಿತ್ತು. ಇಷ್ಟು ದಿನ ತಿದ್ಕೋತಾನೇ ಇದ್ದೆ. ಅವರ ಹೊಟ್ಟೇಲಿರೋದನ್ನ ನಾನು ಹೆಂಗೆ ತಿಕ್ಕಲಿ?”

ಮೇಡಂ ಆಗ ಸೀರೆ ಒರೆಸಿಕೊಳ್ಳತೊಡಗಿದಳು. ಆ ಪ್ರಶ್ನೆ ಅವಳು ತಂದಿದ್ದ ಪ್ರಶ್ನೆಗಳಲ್ಲಿ ಇರಲಿಲ್ಲವೆಂದು ಕಾಣುತ್ತದೆ.

ಅವನು ಬದುಕಬೇಕಿತ್ತಲ್ಲ, ಹಾಗಾಗಿ ನರ್ಸಮ್ಮ ಆ ಮನೆಯಲ್ಲೇ ಉಳಿದಳು. ಮೂರು ಹೊತ್ತೂ ಅವನ ಕಣ್ಣಿಗೆ ಬಟ್ಟೆ, ಇವಳ ಬಳೆಗೆ ಬಟ್ಟೆ. ಗಂಡ ಬದುಕಿರುವಾಗ ಬಳೆಯ ಸದ್ದು ಅಡಗಿಸಿಕೊಂಡು, ಸ್ವಂತ ಮನೆಯೊಳಗೆ ಕಳ್ಳಿಯ ಹಾಗೆ ಹೆಜ್ಜೆಯಿಟ್ಟು ಬಂದು ತಿನ್ನಿಸಿ ಹೋಗುತ್ತಿದ್ದಳು. ಆಮೇಲೆ ಬಳೆ ಇಳಿಸಿಕೊಂಡು ಹೆಂಡತಿಯಾಗಿ ಬಂದು, “ಊಟ ಆಯ್ತಾ?” ಎಂದು ಕೇಳುತ್ತಿದ್ದಳು. “ಆಯ್ತು” ಎಂದು ಅವನು ಗೋಡೆಯ ಕಡೆ ತಿರುಗುತ್ತಿದ್ದ. ಮರಿಸಿದ್ದಪ್ಪನ ಕೆನ್ನೆ ತುಂಬಿಕೊಂಡಿತು. ಎಡಗೈಯಲ್ಲೂ ಸ್ವಲ್ಪ ಬಲ ಬಂತು, ನೊಣ ಓಡಿಸುವಷ್ಟು. ಜನ್ಮವೆಲ್ಲ ಮಾತಿಗೆ ಬಡವನಾಗಿದ್ದವನು ನರ್ಸಮ್ಮನ ಹತ್ತಿರ ಮಾತಿನ ಮಲ್ಲನಾದ. ಮಿಲ್ಲಿನ ಕಥೆ, ಬಾಲ್ಯದ ಕಥೆ, ಕಂಡ ಜಾತ್ರೆಯ ಕಥೆ. ನೀಲಕ್ಕ ಒಂದನ್ನೂ ಮೊದಲು ಕೇಳಿರಲಿಲ್ಲ. ನನಗೆ ಹೇಳುವಾಗ ಅವಳು ನಗುತ್ತಿದ್ದಳು. ಆ ನರ್ಸಮ್ಮನ ಮೇಲೆ ಅವಳಿಗೇ ಹೊಟ್ಟೆಕಿಚ್ಚು ಬಂದಿತ್ತೆಂದು ಹೇಳಿ ಇನ್ನೂ ನಗುತ್ತಿದ್ದಳು.

ಒಂದು ಮಧ್ಯಾಹ್ನ ಮಾತ್ರ ನಗದೆ ಬಂದಳು. ಕೈಯಲ್ಲಿ ಇನ್ನೂ ಅನ್ನದ ಅಗುಳಿತ್ತು. ಅವನು ಹೇಳಿದ್ದನ್ನು ಒಂದಕ್ಷರ ಬಿಡದೆ ನನ್ನ ಮುಂದೆ ಹೇಳಿದಳು.

“ನರ್ಸಮ್ಮ, ನಮ್ಮನೆಯೋಳು ಕೆಟ್ಟೋಳೇನಲ್ಲ. ಅವಳ ತಂಗೀನ ನಾನು ಬಾಗ್ಲಿಂದ್ಲೇ ಕಳಿಸಿಬಿಟ್ಟೆ. ಆ ಹೆಣ್ಣು ಸತ್ತೋಯ್ತು. ಇವಳು ಬೈಲಿಲ್ಲ. ಬೈದಿದ್ರೆ ಅಲ್ಲಿಗೆ ಮುಗಿದೋಗ್ತಿತ್ತು. ಅವತ್ತಿಂದ ಕಲ್ಲಿನ ಮೇಲಿಟ್ಟ ತಟ್ಟೆ ಎತ್ಕೊಳೋವಾಗೆಲ್ಲ, ಇವತ್ತು ಸೇಡು ತೀರಿಸ್ಕೋತಾಳೆ, ಇವತ್ತು ತೀರಿಸ್ಕೋತಾಳೆ ಅಂತ್ಲೇ ಕಾದೆ. ಅವಳಿಗೆ ಹೇಳ್ಬ್ಯಾಡ ತಾಯಿ.”

“ನೀನೇನು ಮಾಡ್ದೆ ಅಕ್ಕ?”

“ಬಾಯಿ ಒರೆಸಿ ಎದ್ದು ಬಂದೆ. ಯಾರ ಮೇಲೆ ಸಿಟ್ಟು ಮಾಡ್ಕೊಳ್ಲಿ ಸಾವಂತ್ರಿ? ಅವರು ನೀಲಾಗೆ ಹೇಳಿಲ್ಲ. ನರ್ಸಮ್ಮನಿಗೆ ಹೊನ್ನಿ ಏನೂ ಆಗ್ಬೇಕಾಗಿಲ್ಲ.”

ಅವತ್ತು ಅವಳು ಅತ್ತದ್ದನ್ನು ನೋಡಿದೆ. ತಂಗಿ ಸತ್ತಾಗ ಅತ್ತದ್ದು ಅದರ ಮುಂದೆ ಏನೂ ಅಲ್ಲ. ಮನೆಗೆ ಹೋದವಳೇ ಅಟ್ಟ ಹತ್ತಿ ಹೊನ್ನಮ್ಮನ ಫೋಟೋ ಇಳಿಸಿ, ಧೂಳು ಒರೆಸಿ, ಮತ್ತೆ ಗೋಡೆಗೆ ಹಾಕಿದಳು. ಸಂಜೆ ಮತ್ತೆ ನರ್ಸಮ್ಮನಾಗಿ ತಿನ್ನಿಸಿದಳು.

ವಿಭಾವರಿ ಮೇಡಂ ಊರು ಬಿಡುವ ಮುನ್ನ ಶಾಲೆಯ ಬಯಲಿನಲ್ಲಿ ಸಭೆ ಕರೆದಳು. ಮೋಸ ಮಾಡಿ ನಡೆಸಿದ ಪರೀಕ್ಷೆಯ ನಿಜವನ್ನು ಕೊನೆಗೆ ಎಲ್ಲರಿಗೂ ತಿಳಿಸಬೇಕಂತೆ, ಅದು ಅವರ ಕಡೆಯ ಧರ್ಮ. ಮೈಕು ಕಟ್ಟಿಸಿದಳು. ಪಂಚಾಯಿತಿ ಕಟ್ಟೆಯಲ್ಲಿ ನೀರು ಕೊಟ್ಟು ತಪ್ಪಿತಸ್ಥರಾದವರು ಎಷ್ಟು ಮಂದಿ, ಮುರಿದ ಸಂಬಂಧಗಳು ಎಷ್ಟು, ಎಲ್ಲವೂ ಕುಡಿದವರ ಅನುಮಾನವೇ ಆಗಿತ್ತು ಎಂದು ಬಿಡಿಸಿ ಬಿಡಿಸಿ ಹೇಳಿದಳಂತೆ. ಇದು ತಿಳಿದರೆ ಜನ ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಾರೆಂದು ಪಾಪ ಅವಳು ನಂಬಿದ್ದಳು. ನಮ್ಮವರು ಮನೆಗೆ ಹೋಗಿ ಬೇರೆಯೇ ಪಾಠ ಕಲಿತರು. ಮುಖ ಹಿಂಡಿದರೆ ಇನ್ನು ಬಯಲಾಗುವುದು ತಮ್ಮದೇ ಮನಸ್ಸು ಎಂದು ಗೊತ್ತಾಯಿತಲ್ಲ. ಮಾರನೆಯ ದಿನದಿಂದ ಎಲ್ಲರೂ ಎಲ್ಲರಿಗೂ ಕೈಯಿಂದ ಕೈಗೇ ಕೊಡತೊಡಗಿದರು, ಕುಡಿದವರೆಲ್ಲ ಸಿಹಿ ಸಿಹಿ ಎನ್ನತೊಡಗಿದರು. ಗಂಟಲಲ್ಲಿ ಬೆಂಕಿ ಇಳಿಯುತ್ತಿದ್ದರೂ ನಗುತ್ತ ನುಂಗುವುದನ್ನು ಊರಿಗೆ ಊರೇ ರೂಢಿ ಮಾಡಿಕೊಂಡಿತು. ಇಡುಗಲ್ಲುಗಳ ಮೇಲೆ ಈಗ ಹೂವಿನ ಕುಂಡ ಇಟ್ಟಿದ್ದಾರೆ. ಇಷ್ಟು ಸಿಹಿಯಾದ ಊರನ್ನು ನಾನು ಎಲ್ಲೂ ಕಂಡಿಲ್ಲ, ನನಗೆ ಇಷ್ಟು ಹೇಸಿಗೆಯಾಗಿದ್ದೂ ಇಲ್ಲ.

ಸಭೆ ನಡೆದ ಸಂಜೆ ನಾನು ಅಲ್ಲಿರಲಿಲ್ಲ. ನೀಲಕ್ಕನ ಮನೆಗೆ ಮಸ್ಸೊಪ್ಪು ಕೊಡಲು ಹೋಗಿ, ಪಾತ್ರೆಯನ್ನು ಕಲ್ಲಿನ ಮೇಲಿಟ್ಟು, ಒಳಗಿನ ಬಾಗಿಲಲ್ಲಿ ನಿಂತಿದ್ದೆ. ಮರಿಸಿದ್ದಪ್ಪ ದಿಂಬಿಗೊರಗಿ ಕೂತಿದ್ದ, ಕಣ್ಣಿಗೆ ಬಟ್ಟೆ. ನರ್ಸಮ್ಮ ಮೊದಲ ತುತ್ತು ಬಾಯಿಗಿಟ್ಟಿದ್ದಳು, ಅವನು ಸುಖವಾಗಿ ಅಗಿಯುತ್ತಿದ್ದ. ಶಾಲೆಯ ಬಯಲು ನಮ್ಮ ಓಣಿಯ ಹಿಂದೆಯೇ. ಕಿಟಕಿಯಿಂದ ಮೇಡಂ ದನಿ ಕೋಣೆಯೊಳಗೆ ಬಂತು. ಹೆಸರು ಹೇಳುವುದಿಲ್ಲ, ಇದೇ ಊರಿನಲ್ಲಿ ಲಕ್ವ ಹೊಡೆದ ಒಬ್ಬರಿದ್ದಾರೆ, ಹೆಂಡತಿಯ ಕೈಯದು ಕಹಿ ಎಂದು ಉಗುಳುತ್ತಿದ್ದರು, ನರ್ಸಮ್ಮನ ಕೈಯದು ಸಿಹಿ ಎಂದು ತಿನ್ನುತ್ತಿದ್ದಾರೆ, ಆ ನರ್ಸಮ್ಮ ಬೇರೆ ಯಾರೂ ಅಲ್ಲ...

ಅಗಿಯುವುದು ನಿಂತಿತು. ನೀಲಕ್ಕ ತಟ್ಟೆ ಹಿಡಿದವಳು ಹಾಗೇ ಕೂತಿದ್ದಳು. ಆ ತುತ್ತು ಅವನ ಬಾಯೊಳಗೇ ಬದಲಾದದ್ದು ನನಗೆ ಬಾಗಿಲಿಂದಲೇ ಕಂಡಿತು. ದವಡೆ ಬಿಗಿಯಿತು, ಕತ್ತಿನ ನರ ಉಬ್ಬಿತು, ಬಟ್ಟೆಯ ಕೆಳಗಿಂದ ನೀರು ಇಳಿಯಿತು. ಹೊರಗೆ ಜನ ಚಪ್ಪಾಳೆ ತಟ್ಟುತ್ತಿದ್ದರು.

“ಸಿಹಿ ಐತೆ, ನರ್ಸಮ್ಮ” ಅಂದ, ತುಂಬಿದ ಬಾಯಲ್ಲೇ.

“ಉಗುಳಿ” ಅಂದಳು ನೀಲಕ್ಕ, ತನ್ನದೇ ದನಿಯಲ್ಲಿ.

“ಸಿಹಿ ಕಣೆ.”

“ಉಗುಳಿ ಅಂದೆ. ಉಗುಳಿದ್ದಾದ್ರೂ ನಿಜ ಇತ್ತು. ಇದನ್ನ ನಂಗೆ ಕೊಡ್ಬ್ಯಾಡಿ.”

ಅವಳು ಮೊಣಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಎಸೆದಳು. ಬಳೆಗಳು ಸದ್ದು ಮಾಡುತ್ತ ಇಳಿದವು. ಅವನ ಕಣ್ಣಿನ ಬಟ್ಟೆಯನ್ನೂ ಬಿಚ್ಚಿದಳು. ಅವನ ಕಣ್ಣು ಅವಳನ್ನು ನೋಡಿತು, ಗೋಡೆಯ ಮೇಲಿದ್ದ ಹೊನ್ನಮ್ಮನ ಫೋಟೋ ನೋಡಿತು, ಮತ್ತೆ ಅವಳಿಗೆ ಬಂತು. ನರ್ಸಮ್ಮನಿಗೆ ಹೇಳಿದ್ದು ಯಾರಿಗೆ ಮುಟ್ಟಿತೆಂದು ಅವನಿಗೆ ಆಗ ಹೊಳೆಯಿತು.

“ಕಹಿ ಕಣೆ ನೀಲಾ. ಬಲು ಕಹಿ.”

“ಗೊತ್ತು. ನುಂಗಿ.”

ಅವನು ಉಗುಳಲಿಲ್ಲ. ಕಣ್ಣು ಮುಚ್ಚಿ ನುಂಗಿದ. ಆಮೇಲೆ ಆ ನಡುಗುವ ಎಡಗೈಯನ್ನು ತಟ್ಟೆಗೆ ಹಾಕಿ, ಅರ್ಧ ಚೆಲ್ಲಿ, ಉಳಿದದ್ದನ್ನು ಮೆಲ್ಲಗೆ ಮೇಲೆತ್ತಿದ. ಕೈ ನಡುದಾರಿಯಲ್ಲಿ ಬೀಳುವುದರಲ್ಲಿತ್ತು; ನೀಲಕ್ಕ ಅದನ್ನು ಹಿಡಿಯಲಿಲ್ಲ, ತಾನೇ ಬಗ್ಗಿ ಬಾಯಿ ಕೊಟ್ಟಳು. ಅಷ್ಟು ವರ್ಷದ ಸಂಸಾರದಲ್ಲಿ ಅವನ ಕೈಯಿಂದ ಅವಳು ತಿಂದ ಮೊದಲ ತುತ್ತು ಅದು. ಅಗಿದಳು. ಅವಳ ಮುಖದಲ್ಲಿ ಏನಾಯಿತೆಂದು ನೋಡಲು ನನಗೆ ಧೈರ್ಯ ಬರಲಿಲ್ಲ.

“ನಿಂಗೆ ಹೆಂಗೈತೆ?” ಅಂದ.

“ನಿಮ್ಮ ಬಾಯಲ್ಲಿದ್ದದ್ದೇ.”

“ಹೊನ್ನಿ?”

“ಹೂಂ.”

ಅವಳು ಇನ್ನೊಂದು ತುತ್ತು ಕಲಸಿದಳು. ಅವನು ಬಾಯಿ ತೆರೆದ. ತಟ್ಟೆ ಖಾಲಿಯಾಗುವವರೆಗೂ ಇಬ್ಬರೂ ತಿಂದರು.